ಲಾಟರಿ ಬ್ಯಾನ್ ಆಗಿದೆ, ಕ್ರೇಟ್ ಓಪನ್ ಆಗಿದೆ

ಬೆಂಗಳೂರಿಂದ ವಯನಾಡಿಗೆ ವೀಕೆಂಡ್ ಟ್ರಿಪ್ ಹೊಡೆದವರಿಗೆಲ್ಲ ಈ ದಾರಿ ಗೊತ್ತು. ಗುಂಡ್ಲುಪೇಟೆಯಲ್ಲಿ ಟೀ ಕುಡಿದು, ರಾತ್ರಿ 9ಕ್ಕೆ ಗೇಟ್ ಬೀಳೋದ್ರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು, ಮೂಲೆಹೊಳೆ, ಮುತ್ತಂಗ, ಆಮೇಲೆ ಸುಲ್ತಾನ್ ಬತ್ತೇರಿ. ಕಾಡು ಮುಗಿದು ಪೇಟೆ ಸಿಕ್ಕ ಕೂಡಲೇ ಬಣ್ಣಬಣ್ಣದ ಟಿಕೆಟ್ ಸಾಲಾಗಿ ಜೋಡಿಸಿಟ್ಟ ಲಾಟರಿ ಅಂಗಡಿ ಕಣ್ಣಿಗೆ ಬೀಳುತ್ತೆ. ಈ ಕಡೆ ಅಪರಾಧ, ಆ ಕಡೆ ಸರ್ಕಾರಿ ಇಲಾಖೆಯ ಕೆಲಸ. ನಡುವೆ ಇರೋದು ಆನೆ ಓಡಾಡುವ ಒಂದು ಕಾಡು.

ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ. ಆಗ ನಮ್ಮಲ್ಲಿ ಬಹಳ ಜನ ಹೈಸ್ಕೂಲು, ಪ್ರೈಮರಿ. ಆದರೂ ನೆನಪಿರುತ್ತೆ: ಬಸ್ ಸ್ಟ್ಯಾಂಡ್ ಪಕ್ಕದ ಲಾಟರಿ ಅಂಗಡಿ, ನಂಬರ್ ನೋಡಿ ಹರಿದು ಬಿಸಾಕಿದ ಟಿಕೆಟ್ ಚೂರು, ದಿನದ ಕೂಲಿ ಅಲ್ಲೇ ಕಳ್ಕೊಂಡು ಮನೆಗೆ ಬರಿಗೈಲಿ ಹೋದ ಗಂಡಸರ ಸುದ್ದಿ. ನಿಷೇಧ ಬಂದಾಗ ಚಾಮರಾಜನಗರದಂಥ ಜಿಲ್ಲೆಗಳಲ್ಲಿ ಹೆಂಗಸರು ನಿಟ್ಟುಸಿರು ಬಿಟ್ಟರು. ಆ ನಿಷೇಧದ ತರ್ಕ ಸರಳವಾಗಿತ್ತು. ಬಡವನ ಕೈಯಿಂದ ಆಸೆ ತೋರಿಸಿ ದುಡ್ಡು ಕೀಳಬೇಡಿ.

ಈಗ ಅದೇ ಗುಂಡ್ಲುಪೇಟೆಯಲ್ಲಿ, ಒಂಬತ್ತನೇ ಕ್ಲಾಸ್ ಹುಡುಗನ ಕೈಲಿರುವ ಫೋನ್ ತಗೊಂಡು ಬಿಜಿಎಂಐ ಅಥವಾ ಫ್ರೀ ಫೈರ್ ಮ್ಯಾಕ್ಸ್ ತೆರೆದು ನೋಡಿ. ಕ್ರೇಟ್ ಇದೆ, ಸ್ಪಿನ್ ಇದೆ, ಲಕ್ಕಿ ಡ್ರಾ ಇದೆ. ದುಡ್ಡು ಕೊಟ್ಟು ಯುಸಿ ಅಥವಾ ಡೈಮಂಡ್ ಕೊಳ್ಳಬೇಕು, ಅದನ್ನ ಹಾಕಿ ಪೆಟ್ಟಿಗೆ ಒಡೆಯಬೇಕು, ಒಳಗೆ ಏನಿದೆಯೋ ಅದು ನಿಮ್ಮದು. ಬೇಕಾಗಿದ್ದ ಗನ್ ಸ್ಕಿನ್ ಬರಬಹುದು, ಬರದೇನೂ ಇರಬಹುದು. ಬಂದಿಲ್ಲ ಅಂದ್ರೆ ಇನ್ನೊಂದು ಒಡೆಯಿರಿ. ಪ್ರತಿ ಸಲ ತಿರುಗಿಸಿದಾಗಲೂ ರೇಟು ಏರುತ್ತಾ ಹೋಗುವ ಚಕ್ರಗಳೂ ಇವೆ. ಇದಕ್ಕೆ ಜಗತ್ತು ಲೂಟ್ ಬಾಕ್ಸ್ ಅಂತ ಹೆಸರಿಟ್ಟಿದೆ. ನಮ್ಮ ಕಡೆ ಇದಕ್ಕೆ ಲಾಟರಿ ಅನ್ನೋ ಹಳೇ ಹೆಸರೇ ಸಾಕಾಗುತ್ತೆ.

ಇಲ್ಲಿ ಯಾರಾದ್ರೂ, "ಅಯ್ಯೋ ಗುರು, ಅದಕ್ಕೆ ಈಗ ಕಾನೂನು ಬಂದಿದೆಯಲ್ಲ" ಅನ್ನಬಹುದು. ಬಂದಿದೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿ ಒಪ್ಪಿಗೆ ಕೊಟ್ಟು ಮೂರೇ ದಿನದಲ್ಲಿ ಎಲ್ಲ ಮುಗಿಯಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಡ್ರೀಮ್11 ದುಡ್ಡಿನ ಕಾಂಟೆಸ್ಟ್ ನಿಲ್ಲಿಸಿತು, ಟೀಂ ಇಂಡಿಯಾ ಜೆರ್ಸಿ ಮೇಲಿಂದ ಅದರ ಹೆಸರು ಇಳಿಯಿತು. ರಮ್ಮಿ ಆ್ಯಪ್‌ಗಳು ಬಾಗಿಲು ಹಾಕಿದವು. ರಮ್ಮಿ ಸಾಲಕ್ಕೆ ಮನೆ ಕಳಕೊಂಡವರನ್ನ ಕಂಡವರು ಯಾರೂ ಇದಕ್ಕೆ ಅಳಲಿಲ್ಲ, ನಾನೂ ಅಳಲಿಲ್ಲ.

ಆದರೆ ಆ ಕಾಯ್ದೆ ಗೆರೆ ಎಲ್ಲಿ ಎಳೀತು ಅಂತ ನೋಡಿ. ದುಡ್ಡು ಹಾಕಿ, ಲಾಭ ಗೆಲ್ಲುವ ನಿರೀಕ್ಷೆಯಲ್ಲಿ ಆಡಿದರೆ ಅದು ನಿಷಿದ್ಧ 'ಮನಿ ಗೇಮ್'. ಪಣ ಇಲ್ಲದೆ ಆಡಿದರೆ ಅದು 'ಸೋಷಿಯಲ್ ಗೇಮ್', ಸರ್ಕಾರವೇ ಪ್ರೋತ್ಸಾಹ ಕೊಡುತ್ತೆ. ಕ್ರೇಟ್ ಎಲ್ಲಿ ನಿಲ್ಲುತ್ತೆ? ಅದರಲ್ಲಿ ದುಡ್ಡು ಹಾಕೋದಿದೆ, ಅದೃಷ್ಟ ಇದೆ, ಸೋಲಿದೆ. ಇಲ್ಲದೆ ಇರೋದು ಒಂದೇ: ಗೆದ್ದ ಮೇಲೆ ದುಡ್ಡು ವಾಪಸ್ ಬರೋದು. ಆ ಒಂದು ಇಲ್ಲದ್ದರಿಂದಲೇ ಅದು ಮನರಂಜನೆ ಅನ್ನಿಸಿಕೊಂಡು ತಪ್ಪಿಸಿಕೊಳ್ಳುತ್ತೆ. ಅಂದ್ರೆ ನಮ್ಮ ವ್ಯವಸ್ಥೆ ಹೇಳ್ತಿರೋದು ಇಷ್ಟು: ಹತ್ತು ಜನ ದುಡ್ಡು ಹಾಕಿ ಒಬ್ಬನಿಗೆ ದುಡ್ಡು ಬಂದರೆ ಜೂಜು. ಹತ್ತು ಜನ ದುಡ್ಡು ಹಾಕಿ ಒಬ್ಬನಿಗೂ ಬರದಿದ್ದರೆ ಆಟ! ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿಯವನಾದರೂ ಗೆದ್ದವನಿಗೆ ಒಂದು ಸೋಪು, ಒಂದು ಸ್ಟೀಲ್ ಲೋಟ ಕೊಡ್ತಾನೆ.

ಲಾಟರಿಯನ್ನ ನಾನು ಸಮರ್ಥಿಸ್ತಿಲ್ಲ. ಆದರೆ ಬತ್ತೇರಿಯಲ್ಲಿ ಸಿಗುವ ಆ ಕಾಗದದ ಚೂರಿಗೆ ಇರುವ ಮಾನವನ್ನ ಪಕ್ಕದಲ್ಲಿಟ್ಟು ನೋಡೋಣ. 1998ರ ಲಾಟರಿ ನಿಯಂತ್ರಣ ಕಾಯ್ದೆ ಪ್ರಕಾರ ಟಿಕೆಟ್ ಮುದ್ರಿಸೋದು ರಾಜ್ಯ ಸರ್ಕಾರದ ಹೆಸರಲ್ಲೇ, ಡ್ರಾ ಎತ್ತೋದು ಸರ್ಕಾರವೇ, ಬಂದ ದುಡ್ಡು ಸರ್ಕಾರದ ಖಾತೆಗೇ. ಒಂದಂಕಿ ಲಾಟರಿ ನಡೆಸುವ ಹಾಗೇ ಇಲ್ಲ. ಎಷ್ಟು ಬಹುಮಾನ, ಟಿಕೆಟ್ ಬೆಲೆ ಎಷ್ಟು ರೂಪಾಯಿ ಅನ್ನೋದು ಮುಂಚೆನೇ ಗೊತ್ತಿರುತ್ತೆ. ಗೆದ್ದ ನಂಬರ್ ಮಾರನೇ ದಿನದ ಪೇಪರಿನಲ್ಲಿ ಬರುತ್ತೆ. 2024ರ ತಿರುವೋಣಂ ಬಂಪರ್‌ನ 25 ಕೋಟಿ ಬಹುಮಾನ ಬತ್ತೇರಿಯಲ್ಲಿ ಮಾರಾಟವಾದ ಟಿಕೆಟ್‌ಗೆ ಬಿತ್ತು, ಗೆದ್ದಿದ್ದು ನಮ್ಮ ಪಾಂಡವಪುರದ ಒಬ್ಬ ಮೆಕ್ಯಾನಿಕ್. 500 ರೂಪಾಯಿ ಟಿಕೆಟ್. ಯಾರು ಗೆದ್ದರು, ಎಲ್ಲಿಯವರು ಅಂತ ಇಡೀ ಊರು ನೋಡಿತು.

ಕ್ರೇಟ್‌ನಲ್ಲಿ ಡ್ರಾ ಎತ್ತೋದು ಕಂಪನಿಯ ಸರ್ವರ್. ಸಾಕ್ಷಿ ಯಾರೂ ಇಲ್ಲ. ಶೇಕಡಾ ಎಷ್ಟು ಸಾಧ್ಯತೆ ಅಂತ ಒಂದು ಮೂಲೆಯಲ್ಲಿ ಹಾಕಿರ್ತಾರೆ ನಿಜ. ಆ್ಯಪಲ್ 2017ರ ಡಿಸೆಂಬರ್‌ನಲ್ಲಿ, ಗೂಗಲ್ 2019ರಲ್ಲಿ ಅದನ್ನ ಕಡ್ಡಾಯ ಮಾಡಿದವು. ಆದರೆ ಹಾಕಿದ ಲೆಕ್ಕ ಸರೀನಾ ಅಂತ ನೋಡೋರು ಯಾರು? ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ ತನ್ನ 'ಮೇಪಲ್‌ಸ್ಟೋರಿ' ಆಟದಲ್ಲಿ ಜನ ಬಯಸುವ ಐಟಂ ಬರುವ ಸಾಧ್ಯತೆಯನ್ನ ಸದ್ದಿಲ್ಲದೆ ಇಳಿಸಿತ್ತು, ಕೆಲವನ್ನ ಸೊನ್ನೆಗೇ ತಂದಿತ್ತು. ಸೊನ್ನೆ! ಆಡೋರು ವರ್ಷಗಟ್ಟಲೆ ದುಡ್ಡು ಹಾಕ್ತಾನೇ ಇದ್ದರು, ಬರಲಾರದ್ದಕ್ಕೆ ಕಾಯ್ತಾನೇ ಇದ್ದರು. 2024ರ ಜನವರಿಯಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ಮಾರ್ಚ್‌ನಿಂದ ಸಾಧ್ಯತೆ ಪ್ರಕಟಿಸೋದು ಅಲ್ಲಿ ಕಾನೂನಾಯ್ತು. ನಮ್ಮಲ್ಲಿ ಇಂಥದ್ದು ನಡೆದರೆ ಪತ್ತೆ ಹಚ್ಚುವವರು ಯಾರು? ಗುಂಡ್ಲುಪೇಟೆ ಪೊಲೀಸ್ ಸ್ಟೇಷನ್ನಾ?

ಇದು ಬರೀ ಮಕ್ಕಳ ವಿಷಯ ಅಂತ ಅಂದ್ಕೋಬೇಡಿ. ಇಪ್ಪತ್ತೈದು, ಮೂವತ್ತರ ನಾವು ಕೂಡ ಇದೇ ಬೋನಿನಲ್ಲಿದ್ದೀವಿ, ನಮ್ಮ ಬೋನು ಸ್ವಲ್ಪ ದುಬಾರಿ ಅಷ್ಟೆ. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ 'ಓಬ್ಲಿವಿಯನ್' ಆಟದ ಕುದುರೆಗೆ ಒಂದು ಕವಚ ಮಾರಿತು. ಬೆಲೆ ಎರಡೂವರೆ ಡಾಲರ್. ಆಟಕ್ಕೆ ಏನೂ ಪ್ರಯೋಜನವಿಲ್ಲದ ಅಲಂಕಾರ. ಜನ ಬಿದ್ದು ಬಿದ್ದು ನಕ್ಕರು, ಬೈದರು, ಕೊಂಡರು. ಕಂಪನಿಗಳು ನಗುವನ್ನೂ ಬೈಗುಳವನ್ನೂ ಬಿಟ್ಟು ಮೂರನೆಯದನ್ನ ಮಾತ್ರ ಲೆಕ್ಕಕ್ಕೆ ತಗೊಂಡವು. ಹನ್ನೊಂದು ವರ್ಷ ಕಳೆದು 2017ರಲ್ಲಿ ಇಎ ಕಂಪನಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ತಂದಾಗ, ಪೂರ್ತಿ ದುಡ್ಡು ಕೊಟ್ಟು ಕೊಂಡ ಆಟದೊಳಗೇ ಡಾರ್ತ್ ವೇಡರ್‌ಗೆ ಬೀಗ ಹಾಕಿಟ್ಟಿತ್ತು. ಬೀಗ ತೆಗೆಯೋಕೆ ಗಂಟೆಗಟ್ಟಲೆ ಬೆವರು ಸುರಿಸಬೇಕು, ಜೊತೆಗೆ ಬೇಗ ಮುಂದೆ ಹೋಗೋಕೆ ಲೂಟ್ ಬಾಕ್ಸ್ ಇಟ್ಟಿದ್ದರು. ಕಂಪನಿ ಕೊಟ್ಟ ಸಮಜಾಯಿಷಿಗೆ ರೆಡಿಟ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ ಬಿದ್ದು ಗಿನ್ನೆಸ್ ದಾಖಲೆಯಾಯ್ತು.

ನನ್ನ ತಕರಾರು ಹೆಚ್ಚುವರಿ ಕಂಟೆಂಟ್‌ಗೆ ದುಡ್ಡು ಕೇಳೋದರ ಮೇಲಲ್ಲ. 'ವಿಚರ್ 3' ಮುಗಿದ ಮೇಲೆ 2016ರಲ್ಲಿ ಬಂದ 'ಬ್ಲಡ್ ಆ್ಯಂಡ್ ವೈನ್' ಅನ್ನು ಆಡಿದವರಿಗೆ ಗೊತ್ತು: ಹೊಸ ಸೀಮೆ, ಹೊಸ ಕಥೆ, ಹತ್ತಾರು ಗಂಟೆಯ ಆಟ. ಅದಕ್ಕೆ ಬೆಲೆ ಹೇಳಿದರು, ಕೊಟ್ವಿ, ಖುಷಿಪಟ್ವಿ. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳಿದಾಗ ನೀವೆಲ್ಲ ಕಾರು ನಿಲ್ಲಿಸಿ ಸೆಲ್ಫಿಗೆ ಹೊಲಕ್ಕೆ ನುಗ್ಗುತ್ತೀರಲ್ಲ, ಕೆಲವು ರೈತರು ಅದಕ್ಕೆ ತಲೆಗಿಷ್ಟು ಅಂತ ಕೇಳ್ತಾರೆ. ಸರಿಯಾಗೇ ಇದೆ. ಹೂವು ಅವರದು, ತುಳಿಯೋ ಕಾಲು ನಮ್ಮದು. ಆದರೆ ಆ ರೈತ ಬದುವಿನ ಮೇಲೆ ನಿಂತು ಒಳಗೆ ಹೋಗೋಕೆ ಮುಂಚೆ ರೇಟು ಹೇಳ್ತಾನೆ. ನೀವು ಹೊಲದ ಮಧ್ಯ ಹೋದ ಮೇಲೆ ಬಂದು, "ಸಾ, ಹೂವು ಅತ್ಲಾಗೆ ತಿರುಗಿದೆ, ಇತ್ಲಾಗೆ ತಿರುಗಿಸಬೇಕಂದ್ರೆ ಒಂದು ಪೆಟ್ಟಿಗೆ ತಗಳಿ, ಅದೃಷ್ಟ ಇದ್ರೆ ತಿರುಗ್ತದೆ" ಅನ್ನಲ್ಲ. ಅಂದರೆ ನೀವು ಅವನನ್ನ ಏನಂತ ಕರೀತೀರಿ?

ಆ ಕೆಲಸವನ್ನ ಬೆಂಗಳೂರಲ್ಲಿ 'ಮಾನೆಟೈಸೇಷನ್' ಅಂತ ಕರೀತಾರೆ. ಅದಕ್ಕೊಂದು ಟೀಮ್ ಇರುತ್ತೆ, ಟೀಮಿಗೆ ಟಾರ್ಗೆಟ್ ಇರುತ್ತೆ.

ಈ ಕಸುಬಿನ ಮೊದಲ ಚಮತ್ಕಾರ ರೂಪಾಯಿಯನ್ನ ಮಾಯ ಮಾಡೋದು. ಯುಸಿ, ಡೈಮಂಡ್, ಜೆಮ್ಸ್, ಕಾಯಿನ್ಸ್ ಇವೆಲ್ಲ ಯಾಕೆ ಬೇಕು? ಅಂಗಿ ಬೆಲೆ 300 ರೂಪಾಯಿ ಅಂತ ನೇರ ಬರೆದರೆ ಯೋಚಿಸ್ತೀರಿ. ಅದಕ್ಕೇ ಬರೆಯಲ್ಲ. ಅಂಗಿಗೆ ನೂರು ಕಾಯಿನ್, ಆದರೆ ಕಾಯಿನ್ ಸಿಗೋದು ಅರವತ್ತರ ಕಟ್ಟಿನಲ್ಲಿ ಅಂದ್ಕೊಳ್ಳಿ. ಎರಡು ಕಟ್ಟು ಕೊಳ್ಳಬೇಕು, ಇಪ್ಪತ್ತು ಮಿಗುತ್ತೆ. ಆ ಇಪ್ಪತ್ತು ಕಾಯಿನ್ ಯಾವುದಕ್ಕೂ ಸಾಲಲ್ಲ, ಸುಮ್ಮನೆ ಬಿಡೋಕೂ ಮನಸ್ಸಾಗಲ್ಲ. ಮುಂದಿನ ಸಲಕ್ಕೆ ಅದೇ ಗಾಳ. ನಾಳೆ ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ದಲ್ಲಾಳಿಯೊಬ್ಬ ಟೊಮೇಟೊ ತಂದ ರೈತನಿಗೆ ರೂಪಾಯಿ ಬದಲು ತನ್ನ ಅಂಗಡಿಯ ಚೀಟಿ ಕೊಟ್ಟು, "ಇದನ್ನ ಇಲ್ಲೇ ಖರ್ಚು ಮಾಡು, ಬೇರೆ ಕಡೆ ನಡೆಯಲ್ಲ, ವಾಪಸ್ ಕೊಟ್ಟರೆ ದುಡ್ಡಾಗಲ್ಲ" ಅಂದರೆ ಗಲಾಟೆ ಆಗುತ್ತೆ. ಫೋನಿನಲ್ಲಿ ಅದೇ ಚೀಟಿ ಹೊಳೆಯುತ್ತೆ, ಅಷ್ಟೇ ವ್ಯತ್ಯಾಸ.

ಎರಡನೇ ಚಮತ್ಕಾರ, ಕಷ್ಟವನ್ನ ತಾವೇ ಸೃಷ್ಟಿಸಿ ಪರಿಹಾರ ಮಾರೋದು. ಐದು ಜೀವ ಮುಗಿದ ಮೇಲೆ ಕಾಯಿಸುವ ಕ್ಯಾಂಡಿ ಕ್ರಷ್ 2012ರಲ್ಲಿ ಬಂತು. ಅದರ ಕಂಪನಿ ಕಿಂಗ್ ಅನ್ನು ಆಕ್ಟಿವಿಷನ್ ಬ್ಲಿಝಾರ್ಡ್ 590 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಆಮೇಲೆ ಉದ್ಯಮಕ್ಕೆ ಬೇರೆ ಪಾಠ ಬೇಕಾಗಲಿಲ್ಲ. ಆಟದಲ್ಲಿ ಬೇಜಾರಿನ ಭಾಗ ಇದ್ದರೆ ಹಿಂದಿನ ಕಾಲದ ಡಿಸೈನರ್ ಅದನ್ನ ತಿದ್ದುತ್ತಿದ್ದ. ಈಗಿನವನು ಅದನ್ನ ಇನ್ನಷ್ಟು ಎಳೆದು, ಪಕ್ಕದಲ್ಲಿ 'ಸ್ಕಿಪ್' ಬಟನ್ ಇಟ್ಟು ಬೆಲೆ ಬರೀತಾನೆ. ರಸ್ತೇಲಿ ಗುಂಡಿ ತೋಡಿ ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇಟ್ಟಂಗೆ. ನಮ್ಮ ಸಿಟ್ಟಿನ ಮೂಲ ಇದು. ದುಡ್ಡು ಹೋಯ್ತು ಅನ್ನೋದಕ್ಕಿಂತ ಹೆಚ್ಚಾಗಿ, ನಾವು ಪ್ರೀತಿಸಿದ ಒಂದು ಕಲೆಯನ್ನ ಬೇಕಂತಲೇ ಕೆಡಿಸಿ, ಕೆಟ್ಟಿದ್ದನ್ನ ರಿಪೇರಿ ಮಾಡೋಕೆ ನಮ್ಮ ಹತ್ರಾನೇ ಕೇಳ್ತಾರಲ್ಲ ಅನ್ನೋದು.

ಮೂರನೆಯದು ಮಾಲೀಕತ್ವ. ಚಾಮರಾಜನಗರದಲ್ಲಿ ಪರಿಚಯದವರ ಮನೆಯಲ್ಲಿ ಹುಡುಗ ತನ್ನ ಹೊಸ ಗನ್ ಸ್ಕಿನ್ ಅನ್ನು ಅಜ್ಜಿಗೆ ತೋರಿಸ್ತಿದ್ದ. ಅಜ್ಜಿ ಕನ್ನಡಕ ಏರಿಸಿ ನೋಡಿದರು.

"ಯಾನ ಕೂಸು ಇದು? ಉಟ್ಗಳಕ ಆದದಾ?"

"ಇಲ್ಲ ಕಣಜ್ಜಿ."

"ತಿನ್ನಕ ಆದದಾ? ಮಾರಕ ಆದದಾ?"

"ಅಂಗಲ್ಲ ಕಣಜ್ಜಿ, ಸುಮ್ನ ಕೈಲಿ ಇರ್ತದ ಅಷ್ಟೇಯ."

"ಯಾರ ಕೈಲಿ?"

ಕಾನೂನು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಕೂತು ಕಲಿಯೋದನ್ನ ಅಜ್ಜಿ ಎರಡು ಪದದಲ್ಲಿ ಕೇಳಿಬಿಟ್ಟರು. ಯಾರ ಕೈಲಿ? ಕಂಪನಿ ಕೈಲಿ. ನಾವು ಕೊಂಡಿದ್ದು ಅಂತ ಅಂದ್ಕೊಂಡಿರೋದು, ಅವರು ಇಟ್ಟಷ್ಟು ದಿನ ನೋಡೋಕೆ ಸಿಕ್ಕ ಅನುಮತಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯ್ತು. ಬದಲಿಗೆ ಕೊರಿಯಾದ ಕ್ರಾಫ್ಟನ್ ಕಂಪನಿಯ ಬಿಜಿಎಂಐ 2021ರ ಜುಲೈನಲ್ಲಿ ಬಂತು, ಮರುವರ್ಷದ ಜುಲೈನಲ್ಲಿ ಅದೂ ಸ್ಟೋರ್‌ಗಳಿಂದ ಮಾಯವಾಯ್ತು, 2023ರ ಮೇನಲ್ಲಿ ಮರಳಿತು. ಆ ಹತ್ತು ತಿಂಗಳು ಹೊಸ ಫೋನ್ ತಗೊಂಡವನಿಗೆ ತಾನು ದುಡ್ಡು ಕೊಟ್ಟ ಆಟವನ್ನ ಸ್ಟೋರ್‌ನಿಂದ ಇಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಪಬ್‌ಜಿಯ ಹಳೇ ಖಾತೆಗಳನ್ನ ಬಿಜಿಎಂಐಗೆ ವರ್ಗ ಮಾಡಿಕೊಟ್ಟರು ಅನ್ನೋದು ನಿಜ. ಒಳ್ಳೇದಾಯ್ತು. ಆದರೆ ಅದು ಅವರು ತೋರಿದ ದಯೆ, ನಮ್ಮ ಹಕ್ಕಲ್ಲ. ದಯೆ ಇಲ್ಲದಿದ್ದರೆ ಏನಾಗುತ್ತೆ ಅಂತ ಯೂಬಿಸಾಫ್ಟ್‌ನ 'ದ ಕ್ರೂ' ಕೊಂಡವರು ಕಂಡರು: 2014ರ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಕೈಲಿದ್ದವರಿಗೂ ಆಟ ಶುರುವಾಗಲಿಲ್ಲ.

ನಮ್ಮ ಸರ್ಕಾರಗಳೂ ಇಷ್ಟೂ ವರ್ಷ ಬೇರೆಲ್ಲೋ ನೋಡ್ತಿದ್ದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಅದೇ ದಿನ ಇನ್ನೊಂದು ಸುದ್ದಿ ಬಂತು: ಕೇಂದ್ರ ಸರ್ಕಾರ 54 ಆ್ಯಪ್ ನಿಷೇಧಿಸಿದೆ, ಪಟ್ಟಿಯಲ್ಲಿ ಫ್ರೀ ಫೈರ್ ಇದೆ. ಕಾರಣ? ದೇಶದ ಭದ್ರತೆ, ಡೇಟಾ. ಹುಡುಗರ ಜೇಬಿನ ಮಾತು ಅಲ್ಲಿ ಬರಲೇ ಇಲ್ಲ. ಬ್ಯಾನ್ ಮಾಡೋಕೆ ನಮಗೆ ಚೆನ್ನಾಗಿ ಬರುತ್ತೆ, ಅಂಗಡಿಯ ತಕ್ಕಡಿ ಪರೀಕ್ಷೆ ಮಾಡೋಕೆ ಬರಲ್ಲ.

ಈಗ ಎದುರು ವಾದಕ್ಕೆ ಬರೋಣ. ಆಫೀಸಿನ ಪ್ಯಾಂಟ್ರಿಯಲ್ಲಿ ಈ ಮಾತೆತ್ತಿದರೆ ಮೂರು ಉತ್ತರ ಖಾಯಂ ಬರುತ್ತೆ.

"ಆಟ ಫ್ರೀ ಅಲ್ವಾ? ಬೇಡ ಅಂದ್ರೆ ಕೊಳ್ಳಬೇಡ." ಇದರಲ್ಲಿ ಅರ್ಧ ಸತ್ಯ ಇದೆ, ಅದನ್ನ ಒಪ್ಪಲೇಬೇಕು. ಕನ್ಸೋಲ್‌ಗೆ ಐವತ್ತು ಸಾವಿರ, ಒಂದೊಂದು ಗೇಮಿಗೆ ನಾಲ್ಕೈದು ಸಾವಿರ ಕೊಡೋಕೆ ಬೇಗೂರು, ಹಂಗಳದ ಹುಡುಗರಿಗೆ ಆಗಲ್ಲ. ಫ್ರೀ ಆಟಗಳು ಅವರಿಗೂ ಬಾಗಿಲು ತೆರೆದವು, ಆ ಕಡೆಯ ಹುಡುಗರು ಟೂರ್ನಮೆಂಟ್ ಆಡುವಂತಾಯ್ತು. ಆದರೆ ಫ್ರೀ ಅನ್ನೋ ಆಟಕ್ಕೆ ಯಾರೋ ದುಡ್ಡು ಕೊಡ್ತಿರ್ತಾರೆ. ಬಹುಪಾಲು ಜನ ಏನೂ ಕೊಡಲ್ಲ, ಬೆರಳೆಣಿಕೆಯ ಜನ ವಿಪರೀತ ಕೊಡ್ತಾರೆ ಅನ್ನೋದರ ಮೇಲೇ ಈ ವ್ಯಾಪಾರ ನಿಂತಿರೋದು. ಅಂಥವರನ್ನ ಉದ್ಯಮ 'ವೇಲ್', ಅಂದ್ರೆ ತಿಮಿಂಗಿಲ ಅಂತ ಕರೆಯುತ್ತೆ. ಗ್ರಾಹಕರನ್ನ ಬೇಟೆಯ ಪ್ರಾಣಿಯ ಹೆಸರಿಂದ ಕರೆಯುವ ಉದ್ಯಮ, ಕೈಲಿ ಈಟಿ ಇಲ್ಲ ಅಂದ್ರೆ ನಂಬೋದು ಹೆಂಗೆ? ಆ ತಿಮಿಂಗಿಲಗಳಲ್ಲಿ ಎಲ್ಲರೂ ಸ್ಟಾರ್ಟಪ್ ಮಾರಿ ಕೂತವರಲ್ಲ. ತಡೆಯೋಕಾಗದವರು, ಒಂಟಿ ಇರುವವರು, ವಯಸ್ಸು ಸಾಲದವರೂ ಇರ್ತಾರೆ.

"ಬರೀ ಕಾಸ್ಮೆಟಿಕ್ ಅಲ್ವಾ? ಸ್ಕಿನ್ ಇಲ್ಲ ಅಂದ್ರೆ ಸಾಯ್ತಾರಾ?" ಸಾಯಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಬಟ್ಟೆ 'ಬರೀ ಕಾಸ್ಮೆಟಿಕ್' ಆಗಿತ್ತಾ? ನಮಗೆ ಆಗಿತ್ತಾ? ಹಬ್ಬಕ್ಕೆ ಹೊಸ ಪ್ಯಾಂಟ್ ಸಿಗದ ವರ್ಷ ಗೆಳೆಯರ ಮುಂದೆ ಹೇಗಿತ್ತು ಅಂತ ಒಮ್ಮೆ ನೆನೆಸ್ಕೊಳ್ಳಿ. ಆಟದ ಲಾಬಿಯಲ್ಲಿ ಡೀಫಾಲ್ಟ್ ಬಟ್ಟೆ ಹಾಕಿಕೊಂಡವನಿಗೆ 'ನೂಬ್' ಅಂತ ಹೆಸರು ಬೀಳುತ್ತೆ. ಆ ನಾಚಿಕೆ ಕಂಪನಿಗೆ ಗೊತ್ತಿದೆ, ಅದಕ್ಕೇ ಅದಕ್ಕೊಂದು ಬೆಲೆ ಕಟ್ಟಿದೆ.

"ಅಪ್ಪ ಅಮ್ಮ ಏನ್ ಮಾಡ್ತಿದ್ದಾರೆ?" ಇದು ಕೇಳೋಕೆ ಬಲು ಸುಲಭ. ಅಪ್ಪ ಅರಿಶಿನದ ಹೊಲದಲ್ಲೋ ಬಾಳೆ ತೋಟದಲ್ಲೋ ಇದ್ದಾರೆ. ಅಮ್ಮ ಕೂಲಿಗೆ ಹೋಗಿದ್ದಾರೆ. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಆಟದೊಳಗಿನ ದೊಡ್ಡ ಪ್ಯಾಕ್‌ಗಳು ಸಾವಿರ ದಾಟುತ್ತವೆ. ಮನೆಗೆ ಒಂದೇ ಒಳ್ಳೇ ಫೋನು. ಅದರಲ್ಲೇ ಯುಪಿಐ, ಅದರಲ್ಲೇ ಶಾಲೆಯ ವಾಟ್ಸಾಪ್ ಗ್ರೂಪು, ಅದರಲ್ಲೇ ಆಟ. ಬ್ಯಾಲೆನ್ಸ್ ನೋಡಿ, ದುಡ್ಡು ಕಳಿಸಿ, ಮೆಸೇಜ್ ಓದಿ ಹೇಳೋದೆಲ್ಲ ಮಗನೇ, ಹಾಗಾಗಿ ಪಿನ್ ಅವನಿಗೆ ಗೊತ್ತಿರೋದು ಸಹಜ. ಫೋನಿನ ಪೇರೆಂಟಲ್ ಕಂಟ್ರೋಲ್ ಸೆಟ್ಟಿಂಗ್ ಎಲ್ಲಿದೆ ಅಂತ ನಿಮಗೇ ಹುಡುಕಬೇಕಾಗುತ್ತೆ, ಬಿ.ಇ. ಓದಿದ್ದೀರಿ. ಆ ಅಮ್ಮನಿಗೆ ಹೊಣೆ ಹೊರಿಸುವ ಮುಂಚೆ ಆ ಬಟನ್ ಇಂಗ್ಲಿಷಿನಲ್ಲಿ ಏಳು ಮೆನು ಒಳಗೆ ಯಾಕಿದೆ, 'ಬೈ ನೌ' ಮಾತ್ರ ಮುಖದ ಮೇಲೇ ಯಾಕಿದೆ ಅಂತ ಕೇಳಿ.

ಬೇರೆ ದೇಶಗಳು ಇದನ್ನೇ ಕೇಳಿದವು. ಸೆಟ್ ಪೂರ್ತಿ ಮಾಡಿದರೆ ದೊಡ್ಡ ಬಹುಮಾನ ಕೊಡುವ 'ಕಂಪ್ಲೀಟ್ ಗಾಚಾ'ವನ್ನ ಜಪಾನ್ 2012ರಲ್ಲೇ ಕಾನೂನುಬಾಹಿರ ಅಂದಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಗೇಮಿಂಗ್ ಆಯೋಗ ದುಡ್ಡಿನ ಲೂಟ್ ಬಾಕ್ಸ್ ಜೂಜು ಅಂತಲೇ ತೀರ್ಮಾನಿಸಿತು. ಮರುವರ್ಷ ಇಎ ಅಲ್ಲಿ ಫಿಫಾ ಪಾಯಿಂಟ್ಸ್ ಮಾರೋದು ನಿಲ್ಲಿಸಿತು. ಜಾರಿಯಲ್ಲಿ ಅಲ್ಲೂ ಸಡಿಲ ಇದೆ, ಆದರೆ ಗೆರೆ ಎಳೆದಿದ್ದಾರೆ. ಅಮೆರಿಕದ ಎಫ್‌ಟಿಸಿ 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಮಾಡುವ ಎಪಿಕ್ ಕಂಪನಿಯಿಂದ ಒಟ್ಟು 52 ಕೋಟಿ ಡಾಲರ್ ಕಕ್ಕಿಸಿತು. ಅದರಲ್ಲಿ 24.5 ಕೋಟಿ ಆಟಗಾರರಿಗೆ ಮರುಪಾವತಿಗೆ. ಗೊಂದಲದ ಬಟನ್‌ಗಳಿಂದ ಬೇಡದ್ದನ್ನ ಕೊಳ್ಳುವಂತೆ ಮಾಡಿದ್ದಕ್ಕೆ. 2025ರ ಜನವರಿಯಲ್ಲಿ 'ಗೆನ್‌ಶಿನ್ ಇಂಪ್ಯಾಕ್ಟ್' ಕಂಪನಿ 2 ಕೋಟಿ ಡಾಲರ್ ಕೊಡಲು ಒಪ್ಪಿತು, ಹದಿನಾರು ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಲೂಟ್ ಬಾಕ್ಸ್ ಮಾರಲ್ಲ ಅಂತಲೂ ಒಪ್ಪಿತು. ಅಂದ್ರೆ ಅದೇ ಕಂಪನಿ, ಅದೇ ಆಟಕ್ಕೆ ಅಮೆರಿಕದ ಮಗುವಿಗೆ ಒಂದು ರಕ್ಷಣೆ ಇದೆ. ಕೊಳ್ಳೇಗಾಲದ ಮಗುವಿಗೆ ಇಲ್ಲ.

ಹಾಗಾದ್ರೆ ಏನ್ ಬೇಕು? ದೊಡ್ಡದೇನೂ ಬೇಡ. ಒಂದು, ಆಟದೊಳಗಿನ ಪ್ರತಿ ಐಟಂ ಬೆಲೆ ರೂಪಾಯಿಯಲ್ಲಿ ಬರೀಬೇಕು. ಸೋಪಿನ ಮೇಲೆ ಎಂಆರ್‌ಪಿ ಬರೆಯೋ ದೇಶ ನಮ್ಮದು, ಸ್ಕಿನ್‌ಗೆ ಯಾಕಾಗಲ್ಲ? ಎರಡು, ದುಡ್ಡಿನ ಕ್ರೇಟ್ ಹದಿನೆಂಟರ ಕೆಳಗಿನವರಿಗೆ ಬೇಡವೇ ಬೇಡ. 1872ರ ಕರಾರು ಕಾಯ್ದೆ ಪ್ರಕಾರ ಅಪ್ರಾಪ್ತರ ಕರಾರಿಗೆ ಕಿಮ್ಮತ್ತಿಲ್ಲ, ಇದನ್ನ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿಯಾಗಿದೆ. ಮೂರು, ದೊಡ್ಡವರಿಗೆ ಮಾರುವ ಕ್ರೇಟ್‌ನ ಸಾಧ್ಯತೆ ಲೆಕ್ಕವನ್ನ ಹೊರಗಿನವರು ಆಡಿಟ್ ಮಾಡಬೇಕು, ಅದನ್ನ ಕನ್ನಡದಲ್ಲೂ ಖರೀದಿ ಬಟನ್ ಪಕ್ಕದಲ್ಲೇ ತೋರಿಸಬೇಕು. ನಾಲ್ಕು, ಅಂಗಡಿ ಮುಚ್ಚಿದರೆ ಖರ್ಚಾಗದ ಕಾಯಿನ್ ರೂಪಾಯಿಯಾಗಿ ವಾಪಸ್ ಬರಬೇಕು. 2025ರ ಕಾಯ್ದೆ ದುಡ್ಡಿನ ಜೊತೆ 'ಇತರ ಲಾಭ', 'ಕಾಯಿನ್', 'ಟೋಕನ್' ಅನ್ನೋ ಪದಗಳನ್ನೂ ಬಳಸಿದೆ. ಮನಸ್ಸಿದ್ದರೆ ಕ್ರೇಟ್ ಪ್ರಶ್ನೆಯನ್ನ ಅಲ್ಲಿಂದಲೇ ಎತ್ತಬಹುದು.

ಕಾನೂನು ಬರೋತನಕ ಸುಮ್ಮನೆ ಕೂರಬೇಕಾಗಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ಮೋಸ ಪಟ್ಟಿ ಮಾಡಿದೆ. 'ಇನ್ನು ಹತ್ತೇ ನಿಮಿಷ' ಅನ್ನುವ ಸುಳ್ಳು ಅವಸರ, ಬೇಡ ಅಂದರೆ ನಾಚಿಕೆಪಡಿಸೋದು, ಪದೇ ಪದೇ ಪೀಡಿಸೋದು, ಎಲ್ಲ ಅದರಲ್ಲಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಇ-ಕಾಮರ್ಸ್ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನವೂ ಸೇರುತ್ತೆ. ದೂರು ಕೊಡುವವನು ತಾನಿರುವ ಜಿಲ್ಲೆಯಲ್ಲೇ ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ. ಗುಂಡ್ಲುಪೇಟೆಯವರು ಕಂಪನಿಯ ವಿರುದ್ಧ ಹೋಗೋಕೆ ಸಿಂಗಾಪುರಕ್ಕೋ ಸೋಲ್‌ಗೋ ಹೋಗಬೇಕಿಲ್ಲ, ಚಾಮರಾಜನಗರದ ಬಸ್ ಹತ್ತಿದರೆ ಸಾಕು. ಮೊದಲ ಹೆಜ್ಜೆಗೆ 1915 ಸಹಾಯವಾಣಿ ಇದೆ.

ಕೊನೇ ಮಾತು ಓದುತ್ತಿರುವ ನಿಮಗೇ. ಇದನ್ನೆಲ್ಲ ಕಟ್ಟುವವರು ಆಕಾಶದಿಂದ ಇಳಿದಿಲ್ಲ. ಬೆಳ್ಳಂದೂರಲ್ಲಿ, ಕೋರಮಂಗಲದಲ್ಲಿ ಕೂತು ಯಾವ ಬಣ್ಣದ ಬಟನ್‌ಗೆ ಹೆಚ್ಚು ಜನ ಬೀಳ್ತಾರೆ ಅಂತ ಎ/ಬಿ ಟೆಸ್ಟ್ ಮಾಡೋರು ನಮ್ಮ ಜೊತೆಗೇ ಓದಿದವರು, ನಮ್ಮ ಪಿಜಿಯಲ್ಲೇ ಇದ್ದವರು. ಗೇಮ್ ಆಗಲೇಬೇಕಂತಿಲ್ಲ. ಫುಡ್ ಆ್ಯಪ್, ಸಾಲದ ಆ್ಯಪ್, ಟಿಕೆಟ್ ಆ್ಯಪ್ ಎಲ್ಲದಕ್ಕೂ ಈಗ ಸ್ಪಿನ್ ವೀಲ್ ಬಂದಿದೆ, ಕಾಯಿನ್ ಬಂದಿದೆ. ಮುಂದಿನ ಸಲ ಮೀಟಿಂಗಿನಲ್ಲಿ ಯಾರಾದ್ರೂ "ಇಲ್ಲೊಂದು ಕ್ರೇಟ್ ಇಟ್ಟರೆ ಹೇಗೆ" ಅಂದಾಗ, ಅದನ್ನ ಒಡೆಯುವ ಹುಡುಗ ಯಾವ ಊರಿನವನು, ಆ ದುಡ್ಡು ಯಾರ ಎಷ್ಟು ದಿನದ ಕೂಲಿ ಅಂತ ಒಂದು ಸ್ಲೈಡ್ ಸೇರಿಸಿ ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯಲ್ಲ. ತೆಗೆದರೆ, ಅಲ್ಲಿ ಏನು ಮಾರ್ತಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲ್ಲ.